ಕುಡ್ಲಕ್ಕೆ ಹೋಗೋದಾದ್ರೆ ಬರೀ ಬೀಚ್ ನೋಡಿ ಬರಬೇಡಿ

ಮೂರು ದಿನ ರಜೆ ಒಟ್ಟಿಗೆ ಸಿಕ್ಕಿತು ಅಂದ್ರೆ ಸಾಕು, ಶಿರಾಡಿ ಘಾಟ್‌ನಲ್ಲಿ ಕಾರುಗಳ ಸಾಲು. ಬೆಂಗಳೂರು, ತುಮಕೂರು, ಹಾಸನದ ಜನ ಕುಟುಂಬ ಸಮೇತ ಕಡಲ ಕಡೆ ಹೊರಡ್ತಾರೆ. ಪಣಂಬೂರಿನಲ್ಲಿ ಅಲೆಗೆ ಕಾಲು ಕೊಡೋದು, ರಾತ್ರಿ ಒಂದು ಒಳ್ಳೆ ಮೀನಿನ ಊಟ, ಕೊನೆಗೊಂದು ಗಡ್‌ಬಡ್ ಐಸ್‌ಕ್ರೀಮ್, ಮಾರನೇ ದಿನ ವಾಪಸ್. ಯಾರಾದ್ರೂ ಕೇಳಿದರೆ 'ಮಂಗಳೂರು ನೋಡಿಬಂದ್ವಿ' ಅಂತ ಹೇಳ್ತಾರೆ. ನಿಜವಾಗ್ಲೂ ನೋಡಿದ್ರಾ?

ಈ ಪ್ರಶ್ನೆ ಕೇಳೋದಕ್ಕೆ ಕಾರಣ ಇದೆ. ಮಂಗಳೂರಿಗೆ ಹೋಗಬೇಕು ಅಂತಿರೋ ಅನೇಕ ವೀಕ್ಷಕರು ನನ್ನನ್ನು ಮೊದಲು ಕೇಳೋ ಮಾತು, 'ಸರ್, ಈಗ ಅಲ್ಲಿ ಹೋಗಬಹುದಾ? ಗಲಾಟೆ ಏನಿಲ್ಲ ತಾನೆ?' ಒಂದು ಊರಿನ ಹೆಸರು ಕೇಳಿದ ತಕ್ಷಣ ಗಲಾಟೆ ನೆನಪಾಗೋದು ಆ ಊರಿನ ಪಾಲಿಗೆ ಸಣ್ಣ ನಷ್ಟ ಅಲ್ಲ. ಸುದ್ದಿಯ ಸ್ವಭಾವವೇ ಹಾಗೆ. ಎಡವಟ್ಟಾದ ಒಂದು ದಿನ ಸುದ್ದಿಯಾಗುತ್ತೆ, ಎಡವಟ್ಟಾಗದ ಸಾವಿರ ದಿನ ಸುದ್ದಿಯಾಗಲ್ಲ. ಆ ಸಾವಿರ ದಿನಗಳ ಲೆಕ್ಕ ಇಡೋದು ಇತಿಹಾಸ. ಅದಕ್ಕೇ ಇವತ್ತು ಸ್ವಲ್ಪ ಇತಿಹಾಸ ಹೇಳ್ತೀನಿ. ಕೇಳಿದ ಮೇಲೆ ಆ ಊರಿಗೆ ಹೋಗಬೇಕೋ ಬೇಡವೋ, ನೀವೇ ತೀರ್ಮಾನ ಮಾಡಿ.

ಮೊದಲು ಹೆಸರಿನಿಂದಲೇ ಶುರುಮಾಡೋಣ. ಕನ್ನಡದಲ್ಲಿ ಮಂಗಳೂರು. ತುಳುವಿನಲ್ಲಿ ಕುಡ್ಲ. ಕೊಂಕಣಿಯವರಿಗೆ ಕೊಡಿಯಾಲ್. ಬ್ಯಾರಿಗಳಿಗೆ ಮೈಕಾಲ. ಮಲಯಾಳಿಗಳಿಗೆ ಮಂಗಲಾಪುರಂ. ಒಂದೇ ಊರಿಗೆ ಐದು ಹೆಸರು, ಐದೂ ಇವತ್ತಿಗೂ ಬಳಕೆಯಲ್ಲಿವೆ. ಪುಸ್ತಕದಲ್ಲಿ ಮಾತ್ರ ಉಳಿದ ಹೆಸರುಗಳಲ್ಲ, ಬಸ್‌ಸ್ಟ್ಯಾಂಡಿನಲ್ಲಿ ಕಿವಿಗೆ ಬೀಳೋ ಹೆಸರುಗಳು. ಐದು ಭಾಷೆಯ ಜನ ಒಂದು ಊರನ್ನು ಐದು ಹೆಸರಿನಿಂದ 'ನಮ್ಮೂರು' ಅಂತ ಕರೀತಾರೆ ಅಂದ್ರೆ, ಆ ಊರಿಗೆ ಒಬ್ಬನೇ ಮಾಲೀಕ ಯಾವತ್ತೂ ಇರಲಿಲ್ಲ ಅಂತ ಅರ್ಥ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಬೆಳಿಗ್ಗೆ ಬಿಸಿಲೇರುವ ಮೊದಲು ಕದ್ರಿ ಗುಡ್ಡಕ್ಕೆ ಹೋಗಿ. ಮಂಜುನಾಥ ದೇವಸ್ಥಾನದಲ್ಲಿ ಕಂಚಿನ ಒಂದು ದೊಡ್ಡ ವಿಗ್ರಹ ಇದೆ. ಮೂರು ಮುಖ, ಆರು ಕೈ. ಅದರ ಪೀಠದ ಮೇಲೆ ಸಂಸ್ಕೃತದ ಶಾಸನ. ಆಳುಪ ದೊರೆ ಕುಂದವರ್ಮ ಕದರಿಕಾ ವಿಹಾರದಲ್ಲಿ ಲೋಕೇಶ್ವರನ ಪ್ರತಿಮೆಯನ್ನು ಸ್ಥಾಪಿಸಿದ ಅಂತ ಅದು ಹೇಳುತ್ತೆ. ಕ್ರಿ.ಶ. 968. ವಿಹಾರ, ಲೋಕೇಶ್ವರ ಎಂಬ ಮಾತುಗಳನ್ನು ಹಿಡಿದು ಇದು ಬೌದ್ಧರ ನೆಲೆಯಾಗಿತ್ತು ಅಂತ ವಿದ್ವಾಂಸರು ಹೇಳಿದ್ದಾರೆ, ಅದರ ಮೇಲೆ ಚರ್ಚೆಯೂ ನಡೆದಿದೆ. ಅದೇ ಗುಡ್ಡದ ಮೇಲೆ ನಾಥಪಂಥದ ಜೋಗಿಗಳ ಮಠ ಇದೆ. ಇವತ್ತು ಭಕ್ತರು ಬರೋದು ಶಿವನ ದರ್ಶನಕ್ಕೆ. ಗುಡ್ಡ ಒಂದೇ, ಪರಂಪರೆ ಮೂರು. ಸಾವಿರ ವರ್ಷ ದಾಟಿದರೂ ಆ ಕಂಚಿನ ಲೋಕೇಶ್ವರನನ್ನು ಯಾರೂ ಹೊರಗೆ ಹಾಕಲಿಲ್ಲ. ಅವನಿಗೂ ಪೂಜೆ ಸಲ್ಲುತ್ತಿದೆ.

ಕದ್ರಿಯಲ್ಲಿ ಲೋಕೇಶ್ವರನನ್ನು ಸ್ಥಾಪಿಸಿ ಸುಮಾರು ನೂರಾ ಅರವತ್ತು ವರ್ಷ ಕಳೆದ ಮೇಲೆ ಈ ಊರಿಗೆ ಒಬ್ಬ ವ್ಯಾಪಾರಿ ಬಂದ. ಹೆಸರು ಅಬ್ರಹಾಂ ಬೆನ್ ಯಿಜು. ಹುಟ್ಟಿದ್ದು ಆಫ್ರಿಕಾದ ಉತ್ತರ ದಂಡೆಯ ಟ್ಯುನೀಶಿಯಾದಲ್ಲಿ, ಧರ್ಮದಿಂದ ಯಹೂದಿ, ಬರೀತಿದ್ದದ್ದು ಅರಬ್ಬಿ ಭಾಷೆಯನ್ನು ಹೀಬ್ರೂ ಲಿಪಿಯಲ್ಲಿ. 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ, 1149ರವರೆಗೂ ಇಲ್ಲೇ ಇದ್ದ. ಮೆಣಸು, ಏಲಕ್ಕಿ, ಕಬ್ಬಿಣವನ್ನು ಏಡನ್ ಬಂದರಿಗೆ ಕಳಿಸ್ತಿದ್ದ. ಕಂಚಿನ ಪಾತ್ರೆ ಮಾಡಿಸೋ ಕಾರ್ಖಾನೆಯನ್ನೂ ನಡೆಸ್ತಿದ್ದ. ಆಶು ಎಂಬ ಇಲ್ಲಿಯ ಹೆಂಗಸಿನೊಂದಿಗೆ ಸಂಸಾರ ಹೂಡಿದ. ಮಕ್ಕಳೂ ಆದರು.

ಇದೆಲ್ಲ ಹೇಗೆ ಗೊತ್ತಾಯ್ತು ಅಂತೀರಾ? ದೇವರ ಹೆಸರಿರೋ ಕಾಗದವನ್ನು ಬಿಸಾಡಬಾರದು ಅಂತ ಕೈರೋದ ಹಳೇ ಭಾಗದ ಒಂದು ಸಿನಗಾಗ್‌ನಲ್ಲಿ, ಅಂದ್ರೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ಹಳೇ ಕಾಗದಗಳನ್ನೆಲ್ಲ ಒಂದು ಕೋಣೆಗೆ ತುಂಬಿಡ್ತಿದ್ದರು. ಆ ರಾಶಿಯ ಬಹುಪಾಲು 1896–97ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋಯಿತು. ಅದರಲ್ಲಿ ನಮ್ಮ ಮಂಗಳೂರಿನ ಈ ವ್ಯಾಪಾರಿಯ ಪತ್ರಗಳೂ ಇದ್ದವು! ಏಲಕ್ಕಿಗೆ ಮುಂಗಡ ತಗೊಂಡು ಮಾಲು ಕೊಡದೆ ಕೈಯೆತ್ತಿದ ಸ್ಥಳೀಯ ದಳ್ಳಾಳಿಯ ಮೇಲಿನ ದೂರು ಅದರಲ್ಲಿದೆ. ಏಡನ್‌ನಿಂದ ಉಡುಗೊರೆಯಾಗಿ ಬಂದ ಸಕ್ಕರೆ, ಒಣದ್ರಾಕ್ಷಿ, ಕಾಗದದ ಲೆಕ್ಕವೂ ಇದೆ.

ಆ ಪತ್ರಗಳಲ್ಲಿ ಇನ್ನೊಂದು ಹೆಸರು ಬರುತ್ತೆ. ಬೆನ್ ಯಿಜುವಿನ ಆಳು. ಸಮುದ್ರ ದಾಟಿ ಏಡನ್‌ಗೆ ಸರಕು ತಗೊಂಡು ಹೋಗಿ, ಲಕ್ಷಾಂತರ ರೂಪಾಯಿಗೆ ಸಮ ಅನ್ನಬಹುದಾದ ವ್ಯವಹಾರ ಮುಗಿಸಿಕೊಂಡು ಬರ್ತಿದ್ದವನು. ಅಲ್ಲಿ ಕುಡಿದು ಜಾಸ್ತಿ ದುಡ್ಡು ಕೇಳಿದ ಅಂತ ಅಲ್ಲಿಯ ವ್ಯಾಪಾರಿ ಯಜಮಾನನಿಗೆ ಪತ್ರ ಬರೆದು ಚಾಡಿಯನ್ನೂ ಹೇಳಿದ್ದಾನೆ. ಲೇಖಕ ಅಮಿತಾವ್ ಘೋಷ್ ಈ ಆಳಿನ ಬೆನ್ನುಹತ್ತಿ ಮಂಗಳೂರಿಗೆ ಬಂದರು. ಆ ಹೆಸರನ್ನು ಹೇಗೆ ಓದಬೇಕು ಅನ್ನೋದು ಬಗೆಹರಿದದ್ದು ತುಳು ವಿದ್ವಾಂಸ ಪ್ರೊ. ಬಿ.ಎ. ವಿವೇಕ ರೈ ಅವರ ನೆರವಿನಿಂದ. ಹೆಸರು ಬೊಮ್ಮ. ನಮ್ಮ ಬೊಮ್ಮ! ಘೋಷ್ ಅವರ ಆ ಪುಸ್ತಕ ಬಂದದ್ದು 1992ರಲ್ಲಿ. ಒಂಬೈನೂರು ವರ್ಷದ ಹಿಂದೆ ತುಳುನಾಡಿನ ಒಬ್ಬ ಬೊಮ್ಮ ಯಹೂದಿ ಯಜಮಾನನ ಕೆಲಸದ ಮೇಲೆ ಅರಬ್ಬರ ಬಂದರಿಗೆ ಹೋಗಿ ಬರ್ತಿದ್ದ. ಇವತ್ತು ದುಬೈ ವಿಮಾನ ಹತ್ತೋಕೆ ಬಜ್ಪೆಯಲ್ಲಿ ಸಾಲು ನಿಂತಿರೋ ಹುಡುಗರನ್ನು ಕಂಡಾಗೆಲ್ಲ ನನಗೆ ಅವನ ನೆನಪಾಗುತ್ತೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. 1342ರ ಸುಮಾರಿಗೆ ಮೊರಾಕೊದ ಯಾತ್ರಿಕ ಇಬ್ನ್ ಬತೂತ ಈ ದಂಡೆಯಲ್ಲಿ ಸಾಗಿ ಬಂದ. ಊರನ್ನು ಅವನು 'ಮಂಜರೂರ್' ಅಂತ ಕರೆದ. ದೊಡ್ಡ ಪಟ್ಟಣ, ಪರ್ಷಿಯಾ ಮತ್ತು ಯೆಮೆನ್‌ನ ವ್ಯಾಪಾರಿಗಳು ಬಂದಿಳಿಯೋ ಜಾಗ, ಮೆಣಸು ಶುಂಠಿ ಹೇರಳ ಅಂತ ಬರೆದಿಟ್ಟ. ಪಟ್ಟಣದ ಪಕ್ಕದ ಕೇರಿಯಲ್ಲಿ ಸುಮಾರು 4,000 ಮುಸ್ಲಿಮರು ಇದ್ದರು ಅಂತಲೂ ಬರೆದ. ಮುಂದಿನ ಮಾತು ಗಮನವಿಟ್ಟು ಕೇಳಿ. ಆ ಕೇರಿಯವರಿಗೂ ಪಟ್ಟಣದವರಿಗೂ ಆಗಾಗ ಜಗಳ ಆಗುತ್ತೆ, ಆದರೆ ದೊರೆಗೆ ವ್ಯಾಪಾರಿಗಳು ಬೇಕು, ಹಾಗಾಗಿ ಅವನೇ ಮಧ್ಯೆ ಬಂದು ರಾಜಿ ಮಾಡಿಸ್ತಾನೆ ಅನ್ನೋದು ಅವನ ವರದಿಯ ಸಾರ.

ಸುಮಾರು ಏಳುನೂರು ವರ್ಷದ ಹಿಂದಿನ ವರದಿ ಇದು. ಇದರಲ್ಲಿ ಎರಡು ಸತ್ಯ ಇದೆ. ಹಿಂದಿನ ಕಾಲದಲ್ಲಿ ಎಲ್ಲರೂ ಹಾಲು ಜೇನಿನ ಹಾಗಿದ್ದರು ಅನ್ನೋದು ಸುಳ್ಳು. ಜಗಳ ಅವತ್ತೂ ಇತ್ತು. ಮೊನ್ನೆ ಮೊನ್ನೆ ಹೊಸದಾಗಿ ಹುಟ್ಟಿದ್ದಲ್ಲ. ಇದು ಒಂದು. ಇನ್ನೊಂದು ಇದಕ್ಕಿಂತ ದೊಡ್ಡದು. ಜಗಳವನ್ನು ಹಾಗೇ ಬಿಟ್ಟರೆ ಹಡಗು ಬರಲ್ಲ, ಹಡಗು ಬರದಿದ್ದರೆ ಸುಂಕ ಇಲ್ಲ, ಸುಂಕ ಇಲ್ಲದಿದ್ದರೆ ರಾಜ್ಯ ಇಲ್ಲ ಅನ್ನೋದು ದೊರೆಗೆ ಚೆನ್ನಾಗಿ ಗೊತ್ತಿತ್ತು. ಸೌಹಾರ್ದ ಅವನ ಪಾಲಿಗೆ ಭಾಷಣದ ವಸ್ತು ಆಗಿರಲಿಲ್ಲ, ಖಜಾನೆಯ ಲೆಕ್ಕ ಆಗಿತ್ತು. ಗಾಳಿ ನೋಡಿ ಹೊರಡೋ ಹಡಗಿಗೆ ಇನ್ನೊಂದು ಬಂದರಿಗೆ ತಿರುಗಿಕೊಳ್ಳೋದು ಎಷ್ಟು ಹೊತ್ತಿನ ಕೆಲಸ ಹೇಳಿ?

ಇದು ತಿಳಿಯದೆ ಬಂದವರು ಪೋರ್ಚುಗೀಸರು. ಸಮುದ್ರ ನಮ್ಮದು, ಹಡಗು ಬಿಡಬೇಕಾದರೆ ನಮ್ಮ ಪರವಾನಗಿ ಬೇಕು, ಕಪ್ಪ ಕೊಡಬೇಕು ಅಂದರು. ನೇತ್ರಾವತಿಯ ಆಚೆ ದಂಡೆಯ ಉಳ್ಳಾಲದ ಅಬ್ಬಕ್ಕ ಅದಕ್ಕೆ ಒಪ್ಪಲಿಲ್ಲ. 16ನೇ ಶತಮಾನದ ಆ ಹೋರಾಟದ ನೆನಪಿಗೆ ನಮ್ಮ ಕರಾವಳಿ ರಕ್ಷಣಾ ಪಡೆಯ ಒಂದು ಗಸ್ತು ಹಡಗಿಗೆ 2012ರಲ್ಲಿ ರಾಣಿ ಅಬ್ಬಕ್ಕ ಅಂತ ಹೆಸರಿಟ್ಟರು. 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲೆ ಎಂಬ ಇಟಲಿಯ ಪ್ರವಾಸಿ ಉಳ್ಳಾಲದ ರಾಣಿಯನ್ನು ಕಂಡ. ಸಿಂಹಾಸನದ ಮೇಲೆ ಅಲ್ಲ, ದಾರಿಯಲ್ಲಿ! ನೀರಿನ ಕಾಲುವೆ ತೋಡಿಸೋ ಕೆಲಸದ ಉಸ್ತುವಾರಿಗೆ ಅಂತ ನಡೆದುಕೊಂಡೇ ಹೊರಟಿದ್ದಳಂತೆ. ಅವನಿಗೆ ಅದು ವಿಚಿತ್ರ ಅನ್ನಿಸಿತು. ನಮಗೆ ಹೆಮ್ಮೆ ಅನ್ನಿಸಬೇಕು.

ಪೋರ್ಚುಗೀಸರು ಬಿಟ್ಟುಹೋದ ವಸ್ತುಗಳೂ ಇವೆ. ಮೆಣಸಿನಕಾಯಿ ಅಮೆರಿಕ ಖಂಡದ್ದು, ಗೋಡಂಬಿ ಬ್ರೆಜಿಲ್‌ನದ್ದು. ಎರಡೂ ಅವರ ಹಡಗಿನಲ್ಲೇ ಇಲ್ಲಿಗೆ ಬಂದವು. ಅಂದ್ರೆ ನೀವು ಕೋರಿ ರೊಟ್ಟಿಯ ಮೇಲೆ ಸುರಿದುಕೊಳ್ಳೋ ಆ ಕೆಂಪು ಗಸಿ, ಅಂಗಡಿಯಲ್ಲಿ ಕಟ್ಟಿಸಿಕೊಳ್ಳೋ ಗೋಡಂಬಿ, ಎರಡಕ್ಕೂ ಸಮುದ್ರ ದಾಟಿದ ಚರಿತ್ರೆ ಇದೆ. ಊರಿನ ಅಡುಗೆ ಅಂತ ನಾವು ಕರೆಯೋದರಲ್ಲಿ ಪರವೂರಿನ ಪಾಲು ಎಷ್ಟಿದೆ ನೋಡಿ.

ಆಮೇಲೆ ಯುದ್ಧದ ಕಾಲ. 1763ರಲ್ಲಿ ಹೈದರಾಲಿ ಈ ದಂಡೆಯನ್ನು ಹಿಡಿದ. ಬೋಳೂರಿನಲ್ಲಿ ಗುರುಪುರ ನದಿಯ ಅಂಚಿಗೆ ಕಪ್ಪು ಕಲ್ಲಿನ ಸುಲ್ತಾನ್ ಬತ್ತೇರಿ ಇದೆ, ಟಿಪ್ಪು ಕಾಲದ ಕಾವಲು ಬುರುಜು. ಗೋಡೆಯಲ್ಲಿ ತುಪಾಕಿಗೆ ಕಿಂಡಿ. ಯುದ್ಧದ ಹಡಗು ನದಿಯೊಳಗೆ ನುಗ್ಗದ ಹಾಗೆ ತಡೆಯೋದಕ್ಕೆ ಕಟ್ಟಿದ್ದು. 1784ರ ಮಾರ್ಚ್ 11ರಂದು ಟಿಪ್ಪು ಮತ್ತು ಈಸ್ಟ್ ಇಂಡಿಯಾ ಕಂಪನಿ ನಡುವೆ ಒಪ್ಪಂದ ಆದದ್ದು ಇದೇ ಮಂಗಳೂರಿನಲ್ಲಿ. ಗೆದ್ದ ಜಾಗಗಳನ್ನು ಪರಸ್ಪರ ಬಿಟ್ಟುಕೊಡೋದು, ಸೆರೆಯಾಳುಗಳನ್ನು ಬಿಡೋದು. ಕಂಪನಿಯವರಿಗೆ ಇದು ಮುಖಭಂಗ ಅನ್ನಿಸಿತು. ಅದೇ 1784ರಲ್ಲಿ ಇಲ್ಲಿಯ ಸಾವಿರಾರು ಕ್ಯಾಥೊಲಿಕರನ್ನು ಟಿಪ್ಪು ಹಿಡಿಸಿ ಶ್ರೀರಂಗಪಟ್ಟಣಕ್ಕೆ ಅಟ್ಟಿಸಿದ. ದಾರಿಯಲ್ಲಿ, ಸೆರೆಯಲ್ಲಿ ಸತ್ತವರು ಬಹಳ. ಬದುಕಿದವರಿಗೆ ಬಿಡುಗಡೆ ಸಿಕ್ಕಿದ್ದು 1799ರಲ್ಲಿ. ವಾಪಸ್ ಬಂದು ಮನೆ ಕಟ್ಟಿದರು, ಚರ್ಚ್ ಕಟ್ಟಿದರು. ಒಪ್ಪಂದವನ್ನು ಮಾತ್ರ ಹೇಳಿ ಸೆರೆಯನ್ನು ಮುಚ್ಚಿಡೋದು, ಸೆರೆಯನ್ನು ಮಾತ್ರ ಹೇಳಿ ಒಪ್ಪಂದವನ್ನು ಮುಚ್ಚಿಡೋದು, ಎರಡೂ ಇತಿಹಾಸ ಅಲ್ಲ. ಎರಡನ್ನೂ ಒಂದೇ ಉಸಿರಲ್ಲಿ ಹೇಳೋ ಧೈರ್ಯ ನಮಗೆ ಇರಬೇಕು.

ಬಾವುಟಗುಡ್ಡ ಅಂತ ಒಂದು ಜಾಗ ಇದೆ. ಲೈಟ್‌ಹೌಸ್ ಹಿಲ್ ಅಂತಲೂ ಕರೀತಾರೆ. ಆ ಬಾವುಟ ಯಾವುದು? ಕೊಡಗಿನ ರಾಜನನ್ನು 1834ರಲ್ಲಿ ಕೆಳಗಿಳಿಸಿದ ಬ್ರಿಟಿಷರು ಸುಳ್ಯ, ಪುತ್ತೂರು ಭಾಗವನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಅದುವರೆಗೆ ಬೆಳೆಯ ರೂಪದಲ್ಲಿ ಕಟ್ಟುತ್ತಿದ್ದ ಕಂದಾಯವನ್ನು ನಗದಾಗಿ ಕೊಡಿ ಅಂದರು. ರೈತ ನಗದು ಎಲ್ಲಿಂದ ತರ್ತಾನೆ? ಸಾಲ ಮಾಡಬೇಕು, ಇಲ್ಲ ಬೆಳೆಯನ್ನು ಸಿಕ್ಕ ಬೆಲೆಗೆ ಮಾರಬೇಕು. 1837ರಲ್ಲಿ ಅಮರ ಸುಳ್ಯದಿಂದ ಕೆದಂಬಾಡಿ ರಾಮಯ್ಯ ಗೌಡರ ಮುಂದಾಳತ್ವದಲ್ಲಿ ರೈತರ ದಂಡು ಹೊರಟಿತು. ಮಂಗಳೂರಿಗೆ ಬಂದು ಕಂಪನಿಯ ಬಾವುಟ ಇಳಿಸಿ ತಮ್ಮ ಬಾವುಟ ಹಾರಿಸಿದರು. ಅಧಿಕಾರಿಗಳು ಹಡಗು ಹತ್ತಿ ಕಣ್ಣಾನೂರಿಗೆ ಓಡಿದರು. ಆಮೇಲೆ ಪಡೆ ತಂದು ಬಂಡಾಯವನ್ನು ತುಳಿದರು, ಮುಖಂಡರನ್ನು ಗಲ್ಲಿಗೆ ಹಾಕಿದರು. 1857ರ ಸಿಪಾಯಿ ದಂಗೆಗೆ ಇನ್ನೂ ಇಪ್ಪತ್ತು ವರ್ಷ ಇತ್ತು! 2022ರಲ್ಲಿ ಅದೇ ಗುಡ್ಡದ ಮೇಲೆ ರಾಮಯ್ಯ ಗೌಡರ ಪ್ರತಿಮೆ ನಿಂತಿದೆ. ಸಂಜೆ ಹೋಗಿ ನೋಡಿ.

ಅಲ್ಲಿಂದ ನಡೆಯೋ ದೂರದಲ್ಲೇ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್. 1880ರ ಕಾಲೇಜು. ಇಟಲಿಯಿಂದ ಬಂದ ಅಂತೋನಿಯೊ ಮೊಸ್ಕೆನಿ ಎಂಬ ಜೆಸ್ವಿಟ್ ಬ್ರದರ್ 1899ರಲ್ಲಿ ಕುಂಚ ಹಿಡಿದು ಆ ಕಟ್ಟಡದ ಒಳಗೋಡೆ, ಚಾವಣಿಯನ್ನೆಲ್ಲ ಚಿತ್ರದಿಂದ ತುಂಬಿಸಿದ. ಟಿಕೆಟ್ ತಗೊಂಡು ವಿದೇಶಕ್ಕೆ ಹೋಗಿ ನೋಡುವಂಥ ಕೆಲಸ ಹಂಪನಕಟ್ಟೆಯ ಪಕ್ಕದಲ್ಲೇ ಇದೆ.

ನನ್ನ ವೃತ್ತಿಯವರು ತಲೆಬಾಗಬೇಕಾದ ಊರೂ ಇದು. 1834ರಲ್ಲಿ ಬಾಸೆಲ್ ಮಿಷನ್ ಬಂತು. ಧರ್ಮ ಪ್ರಚಾರಕ್ಕೇ ಬಂದವರು, ಅದನ್ನು ಅವರು ಮುಚ್ಚಿಟ್ಟಿರಲಿಲ್ಲ. ಆದರೆ ಅವರಲ್ಲೊಬ್ಬ, ಹರ್ಮನ್ ಮೋಗ್ಲಿಂಗ್, 1843ರ ಜುಲೈ 1ರಂದು 'ಮಂಗಳೂರು ಸಮಾಚಾರ' ಹೊರಡಿಸಿದ. ಕಲ್ಲಚ್ಚಿನಲ್ಲಿ ಮುದ್ರಿಸಿದ್ದು, ಹದಿನೈದು ದಿನಕ್ಕೊಮ್ಮೆ. ಕನ್ನಡದ ಮೊದಲ ಪತ್ರಿಕೆ. ಪ್ರತಿವರ್ಷ ಜುಲೈ 1ರಂದು ನಾವು ಪತ್ರಿಕಾ ದಿನ ಆಚರಿಸೋದು ಅದಕ್ಕೇ. ಫರ್ಡಿನಂಡ್ ಕಿಟ್ಟೆಲ್ ಅವರ ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಮಂಗಳೂರಿನಲ್ಲೇ. ಕನ್ನಡದ ಮೊದಲ ಪತ್ರಿಕೆ ಕೊಟ್ಟವನ ಮನೆಮಾತು ಕನ್ನಡ ಅಲ್ಲ, ಅದು ಅಚ್ಚಾದ ಊರಿನ ಬಹುಪಾಲು ಜನರ ಮನೆಮಾತೂ ಕನ್ನಡ ಅಲ್ಲ! ಆದರೂ ಕನ್ನಡಕ್ಕೆ ಅವರು ಮಾಡಿದ್ದನ್ನು ಯಾರು ಅಲ್ಲಗಳೆಯೋಕೆ ಆಗುತ್ತೆ?

1865ರಲ್ಲಿ ಅದೇ ಮಿಷನ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ನೇತ್ರಾವತಿ, ಗುರುಪುರ ನದಿಗಳ ದಂಡೆಯ ಜೇಡಿಮಣ್ಣು ಹೆಂಚಿಗೆ ಹೇಳಿ ಮಾಡಿಸಿದ ಹಾಗಿತ್ತು. ಮಣ್ಣು ದೋಣಿಯಲ್ಲಿ ಬರ್ತಿತ್ತು, ಸುಟ್ಟ ಹೆಂಚು ದೋಣಿಯಲ್ಲೇ ಬಂದರಿಗೆ ಹೋಗ್ತಿತ್ತು. ಸ್ಥಳೀಯರೂ ಕಾರ್ಖಾನೆ ಹಾಕಿದರು. ಮಂಗಳೂರು ಹೆಂಚು ಪೂರ್ವ ಆಫ್ರಿಕಾದವರೆಗೆ ಹೋಯಿತು. ನಿಮ್ಮ ಅಜ್ಜಿ ಮನೆಯ ಮಾಡಿನ ಮೇಲೂ ಇದ್ದಿರಬಹುದು. ಇವತ್ತು ಆರ್‌ಸಿಸಿ ತಾರಸಿಯ ಕಾಲ. ಹಳೇ ಹೆಂಚಿನ ಕಾರ್ಖಾನೆಗಳಲ್ಲಿ ಬಹುತೇಕ ಬಾಗಿಲು ಹಾಕಿವೆ.

ಇಷ್ಟೆಲ್ಲ ದುಡ್ಡು ಓಡಾಡಿದ ಊರಿನಲ್ಲಿ ದುಡ್ಡಿನ ಲೆಕ್ಕವೂ ಹುಟ್ಟಬೇಕಲ್ಲ? 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಶುರುಮಾಡಿದ ನಿಧಿ ಇವತ್ತಿನ ಕೆನರಾ ಬ್ಯಾಂಕ್. 1924ರಲ್ಲಿ ಕರ್ಣಾಟಕ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾದಾಗ ಕರಾವಳಿಯವರು ಮನೆಯ ಹಿರಿಯರನ್ನು ಕಳಕೊಂಡ ಹಾಗೆ ಸಂಕಟಪಟ್ಟರು. ಅದು ಸುಮ್ಮನೆ ಬಂದ ಸಂಕಟ ಅಲ್ಲ.

ದುಡ್ಡಿದ್ದ ಊರಿನಲ್ಲಿ ಜಾತಿಯ ಬೇಲಿಯೂ ಗಟ್ಟಿಯಾಗಿತ್ತು. ಅದನ್ನು ಮುರಿದವರನ್ನು ನೋಡದೆ ಬರಬೇಡಿ. ಕುದ್ಮುಲ್ ರಂಗರಾಯರು ಸಾರಸ್ವತ ಬ್ರಾಹ್ಮಣರು. ದಲಿತ ಮಕ್ಕಳಿಗೆ ಶಾಲೆ ತೆರೆದು, 1897ರಲ್ಲಿ ಅದಕ್ಕಾಗಿಯೇ ಮಿಷನ್ ಕಟ್ಟಿದರು. ಸ್ವಂತ ಜಾತಿಯವರ ಬಹಿಷ್ಕಾರ ಉಂಡರು. ಇವತ್ತು ಊರಿನ ಪುರಭವನಕ್ಕೆ ಅವರದೇ ಹೆಸರು. ದೇವಸ್ಥಾನದೊಳಗೆ ಪ್ರವೇಶ ಇಲ್ಲದ ಬಿಲ್ಲವರು ನಾರಾಯಣ ಗುರುಗಳನ್ನು ಕರೆತಂದು 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠೆ ಮಾಡಿಸಿದರು. ಅದೇ ದೇವಸ್ಥಾನದಲ್ಲಿ 2013ರಲ್ಲಿ ವಿಧವೆಯರನ್ನು ಅರ್ಚಕರಾಗಿ ನೇಮಿಸಿದರು. ದಸರಾ ಸಮಯಕ್ಕೆ ಹೋದರೆ ಕುದ್ರೋಳಿಯ ದೀಪ, ಬೀದಿಯ ಪಿಲಿವೇಷ ಎರಡೂ ಸಿಗುತ್ತೆ.

ಬಂದರಿನ ಕತೆ ಹೇಳಿ ಮುಗಿಸ್ತೀನಿ. ಬೆನ್ ಯಿಜುವಿನಿಂದ ಹೆಂಚಿನ ಕಾಲದವರೆಗೂ ಊರನ್ನು ಸಾಕಿದ್ದು ನದಿಯ ಬಾಯಿಯ ಹಳೇ ಬಂದರು. ಮಳೆಗಾಲದಲ್ಲಿ ಅಲ್ಲಿ ಹಡಗು ಬರೋ ಹಾಗಿರಲಿಲ್ಲ. ದೊಡ್ಡ ಹಡಗಿಗೆ ಅಳಿವೆಯ ಮರಳು ಅಡ್ಡಿ. ಅದಕ್ಕೇ ಪಣಂಬೂರಿನಲ್ಲಿ ಹೊಸ ಬಂದರು ಕಟ್ಟಿ, 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಮಲೆನಾಡಿನ ಕಾಫಿ ಇವತ್ತಿಗೂ ಈ ಊರಿನ ಕ್ಯೂರಿಂಗ್ ವರ್ಕ್ಸ್‌ಗಳಿಗೆ ಬಂದು ಹೋಗುತ್ತೆ. ಹಳೇ ಬಂದರಿನಲ್ಲಿ ಮೀನುಗಾರಿಕೆಯ ದಕ್ಕೆ ಇದೆ. ನಸುಕಿಗೇ ಎದ್ದು ಹೋದರೆ ಬೋಟಿನಿಂದ ಬಂಗುಡೆ ಬುಟ್ಟಿ ಇಳಿಯೋದು, ಹರಾಜು ಕೂಗೋದು, ಮೀನು ಮಾರೋ ಹೆಂಗಸರು ಚೌಕಾಸಿ ಮಾಡೋದು ನೋಡಬಹುದು. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಆಗ ಹೋಗಬೇಡಿ.

ಆ ದಕ್ಕೆಯಲ್ಲಿ ಒಂದು ಗಂಟೆ ನಿಂತು ನೋಡಿ. ಬೋಟು ಒಬ್ಬರದ್ದು, ಬಲೆ ಎಳೆದವನು ಇನ್ನೊಬ್ಬ, ಐಸ್ ತಂದವನು ಮತ್ತೊಬ್ಬ, ಲಾರಿಯವನು ಮಗದೊಬ್ಬ. ಮೊಗವೀರರು, ಬ್ಯಾರಿಗಳು, ಕ್ರಿಶ್ಚಿಯನ್ನರು, ಹೊರರಾಜ್ಯದ ಕೂಲಿಗಳು. ಒಬ್ಬ ಕೈಬಿಟ್ಟರೆ ಆವತ್ತಿನ ಮೀನು ಕೊಳೆತು ಹೋಗುತ್ತೆ. ಇಬ್ನ್ ಬತೂತ ಕಂಡ ದೊರೆಯ ಲೆಕ್ಕವೂ ಇಷ್ಟೇ ಇತ್ತು. ಇವತ್ತು ದೊರೆ ಇಲ್ಲ. ಆ ಲೆಕ್ಕ ಹಿಡಿಯೋ ಕೆಲಸ ಜಿಲ್ಲಾಡಳಿತದ್ದು, ಶಾಸಕ ಸಂಸದರದ್ದು, ಊರಿನ ವರ್ತಕರದ್ದು. ಒಂದು ಸಂಜೆ ಅಂಗಡಿಗಳ ಶಟರ್ ಇಳಿದರೆ ಎಷ್ಟು ಮನೆಯ ಒಲೆ ಆರುತ್ತೆ ಅಂತ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಶಟರ್ ಇಳಿಸಿ ಅಂತ ಕೂಗೋರನ್ನು 'ನಾಳೆಯ ಕೂಲಿ ನೀನು ಕೊಡ್ತೀಯಾ?' ಅಂತ ಕೇಳಬೇಕಷ್ಟೆ.

ಪ್ರವಾಸಿಗೂ ಇದರಲ್ಲಿ ಪಾಲಿದೆ ಅಂತ ನಾನು ನಂಬ್ತೀನಿ. ಹೆದರಿ ದೂರ ನಿಂತರೆ ಆಟೋದವನಿಗೆ, ಹೋಟೆಲಿನವನಿಗೆ, ಹೂವಿನವಳಿಗೆ ನಷ್ಟ. ಹೋಗಿ ಬರೀ ಅಲೆ ನೋಡಿ ಬಂದರೆ ನಿಮಗೆ ನಷ್ಟ. ಎರಡು ದಿನ ಇಟ್ಟುಕೊಳ್ಳಿ. ಮೊದಲ ದಿನ ಕದ್ರಿ, ಬಾವುಟಗುಡ್ಡ, ಅಲೋಶಿಯಸ್, ಕುದ್ರೋಳಿ. ಎರಡನೇ ದಿನ ನಸುಕಿಗೆ ದಕ್ಕೆ, ಅಲ್ಲೇ ಬಂದರಿನ ಹಳೇ ಜುಮ್ಮಾ ಮಸೀದಿ ಇರೋ ಬೀದಿ, ರಥಬೀದಿ, ಮಧ್ಯಾಹ್ನ ಊಟ ಆದಮೇಲೆ ಸುಲ್ತಾನ್ ಬತ್ತೇರಿ. ಬತ್ತೇರಿಯ ಬುಡದಿಂದ ದೋಣಿ ಹತ್ತಿದರೆ ನದಿಯ ಆಚೆ ತಣ್ಣೀರುಬಾವಿ, ಅಲ್ಲಿ ಕಡಲು. ಬೀಚ್ ಬೇಡ ಅಂತ ನಾನೆಲ್ಲಿ ಹೇಳಿದೆ? ಮಕ್ಕಳು ಕೇಳ್ತಾವೆ, ಕರಕೊಂಡು ಹೋಗಿ. ದೋಣಿಯಲ್ಲಿ ಪಕ್ಕ ಕೂತವರನ್ನು 'ಎಂಚ ಉಲ್ಲರ್' ಅಂತ ವಿಚಾರಿಸಿ, ಮಿಕ್ಕ ಮಾತು ಅವರೇ ಮುಂದುವರಿಸ್ತಾರೆ.